ಅಪ್‌ಡೇಟ್: 4294967297 ಪ್ರೈಮ್ ಅಲ್ಲ, ಫ್ಯಾಕ್ಟರ್ ಸಿಕ್ತು

ಹೋದ ಸಲ ಕೇಳಿದ್ನಲ್ಲ, 4294967297 ಪ್ರೈಮ್ ಅಲ್ಲ ಅಂತ ನನ್ನ ಪ್ರೋಗ್ರಾಂ ಹೇಳ್ತಿದೆ ಆದ್ರೆ ಒಂದು ಫ್ಯಾಕ್ಟರೂ ಕೊಡ್ತಿಲ್ಲ ಯಾಕೆ ಅಂತ. ತಪ್ಪು ನಂದೇ ಕಣ್ರೀ. ಈ ಸಂಖ್ಯೆ ಅಂದ್ರೆ 2ರ ಘಾತ 32, ಪ್ಲಸ್ 1, ಅದನ್ನ 32 ಬಿಟ್ ವೇರಿಯಬಲ್‌ನಲ್ಲಿ ಇಟ್ಟಿದ್ದೆ, ಓವರ್‌ಫ್ಲೋ ಆಗಿ (ಅಷ್ಟು ದೊಡ್ಡ ಸಂಖ್ಯೆ ಅದ್ರಲ್ಲಿ ಹಿಡಿಯಲ್ಲ, 2ರ ಘಾತ 32 ಪೂರ್ತಿ ಬಿದ್ದುಹೋಗುತ್ತೆ) ಬರೀ 1 ಉಳಿದಿತ್ತು 😅 ಪಾಪ ಪ್ರೋಗ್ರಾಂ 1 ಪ್ರೈಮ್ ಅಲ್ಲ ಅಂತ ಸರಿಯಾಗೇ ಹೇಳ್ತಿತ್ತು.

64 ಬಿಟ್ ಮಾಡಿದ್ಮೇಲೆ ಬಂತು: 641 × 6700417. ಎರಡೂ ಪ್ರೈಮ್. ಗಣಿತಜ್ಞ ಫರ್ಮಾ ಈ ಸಂಖ್ಯೆನ ಪ್ರೈಮ್ ಅಂತ ನಂಬಿದ್ರು, 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಒಡೆದು ತೋರಿಸಿದ್ರು.

ಆಮೇಲೆ ಪೇಪರ್ ಮೇಲೇ ಮಾಡ್ಬಹುದಾ ಅಂತ ಕೂತೆ, ಮಜಾ ಇರೋದು ಇಲ್ಲೇ. ಇದರ ಯಾವುದೇ ಪ್ರೈಮ್ ಫ್ಯಾಕ್ಟರ್ 128ರ ಗುಣಕಕ್ಕೆ 1 ಸೇರಿಸಿದ ಹಾಗೇ ಇರ್ಬೇಕಂತೆ, ಅಂದ್ರೆ 129, 257, 385, 513, 641, ಇದ್ರಲ್ಲಿ ಪ್ರೈಮ್ ಆಗಿರೋದೇ 257 ಮತ್ತು 641, 257ರಿಂದ ಭಾಗ ಹೋಗಲ್ಲ, ಸೋ ಎರಡನೇ ಪ್ರಯತ್ನಕ್ಕೇ ಸಿಕ್ಬಿಡುತ್ತೆ! ನಾನು ಲೂಪ್ ಬರೆದು ರಾತ್ರಿ ಎಲ್ಲಾ ಒದ್ದಾಡಿದ್ದು ವೇಸ್ಟು.