ಅಪ್‌ಡೇಟ್: ಹಿಂದಿನ ಪುಟ ಜಾರುವ ಕಾಟ ತಪ್ಪಿತು

ಫೋನಿನಲ್ಲಿ ನನ್ನ ವೆಬ್ ಪುಟದ ಪಾಪ್‌ಅಪ್ (ಪುಟದ ಮೇಲೆ ತೆರೆಯುವ ಚಿಕ್ಕ ಕಿಟಕಿ) ಒಳಗಿನ ಪಟ್ಟಿಯನ್ನು ಬೆರಳಲ್ಲಿ ಎಳೆದರೆ ಹಿಂದಿನ ಪುಟವೂ ಜಾರುತ್ತದೆ, ಮೇಲ್ತುದಿಯಲ್ಲಿ ಎಳೆದರೆ ಪುಟವೇ ರಿಫ್ರೆಶ್ ಆಗಿ ಬರೆದಿದ್ದೆಲ್ಲ ಹೋಗುತ್ತದೆ ಎಂದು ಕೇಳಿದ್ದೆನಲ್ಲ, ಅದು ಸರಿಹೋಯಿತು.

ಎರಡು ದಿನ ಸುಮ್ನೆ ಜಾವಾಸ್ಕ್ರಿಪ್ಟ್ ಜೊತೆ ಗುದ್ದಾಡಿದೆ. ಟಚ್‌ಮೂವ್‌ಗೆ (ಬೆರಳು ಎಳೆದಾಗ ಬರುವ ಸೂಚನೆ) ಪ್ರಿವೆಂಟ್‌ಡಿಫಾಲ್ಟ್ (ಬ್ರೌಸರ್ ತಾನಾಗಿ ಮಾಡುವುದನ್ನು ತಡೆಯುವ ಆಜ್ಞೆ) ಹಾಕಿದರೂ ಬ್ರೌಸರ್ ಕ್ಯಾರೇ ಅನ್ನಲಿಲ್ಲ. ಡಾಕ್ಯುಮೆಂಟ್ (ಇಡೀ ಪುಟ) ಮೇಲಿನ ಟಚ್ ಲಿಸನರ್ (ಸ್ಪರ್ಶಕ್ಕೆ ಕಾದು ಕೂರುವ ಕೋಡ್) ಈಗ ತಾನಾಗಿಯೇ ಪ್ಯಾಸಿವ್ ಆಗಿರುತ್ತದೆ. ಅಂದರೆ, ನಮ್ಮ ಕೋಡ್‌ಗೆ ಕಾಯದೆ ಸ್ಕ್ರೋಲ್ ಆಗಿಬಿಡುತ್ತದೆ. ಪ್ಯಾಸಿವ್ ಫಾಲ್ಸ್ ಮಾಡಿ ಆ ಗುಣ ತೆಗೆದೆ. ಪುಟ ನಿಂತಿತು, ಜೊತೆಗೆ ಪಟ್ಟಿಯೂ ನಿಂತಿತು!

ಕೊನೆಗೆ ಕೆಲಸಕ್ಕೆ ಬಂದಿದ್ದು ಪಟ್ಟಿಯ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡ್) ಒಂದೇ ಸಾಲು: ಓವರ್‌ಸ್ಕ್ರೋಲ್-ಬಿಹೇವಿಯರ್: ಕಂಟೇನ್. ಪಟ್ಟಿಯ ತುದಿ ಮುಟ್ಟಿದ ಮೇಲೆ ಸ್ಕ್ರೋಲ್ ಹಿಂದಿನ ಪುಟಕ್ಕೆ ದಾಟದಂತೆ ಇದು ತಡೆಯುತ್ತದೆ. ಪಟ್ಟಿ ಸ್ಕ್ರೋಲ್ ಆಗುವಷ್ಟು ಉದ್ದ ಇಲ್ಲದಿದ್ದರೆ ಮಾತ್ರ ನನ್ನ ಫೋನಿನಲ್ಲಿ ಹಿಂದಿನ ಪುಟ ಇನ್ನೂ ಜಾರುತ್ತದೆ. ಅದಕ್ಕೆ ಸದ್ಯಕ್ಕೆ ಪಾಪ್‌ಅಪ್ ತೆರೆದಾಗ ಹಿಂದಿನ ಪುಟ ಸ್ಕ್ರೋಲ್ ಆಗದಿರಲಿ ಎಂದು ಬಾಡಿ ಟ್ಯಾಗ್‌ಗೆ ಓವರ್‌ಫ್ಲೋ ಹಿಡನ್ ಹಾಕಿಟ್ಟಿದ್ದೇನೆ.