ಮಾತೇ ಆಡದ ಸೊಸೆ: ಏನು ಮಾಡಲಿ, ಹೇಳಿ

ಮಂಡಕ್ಕಿ ಅಂಗಡಿ ಅಮ್ಮ, ದಾವಣಗೆರೆ:
ನಮ್ಮದು ಸಣ್ಣ ಮಂಡಕ್ಕಿ-ಮಿರ್ಚಿ ಅಂಗಡಿ. ಸಂಜೆ ಬಾಣಲೆ ಇಟ್ಟರೆ ಅಂಗಡಿ ಮುಚ್ಚುವವರೆಗೂ ನನ್ನ ಬಾಯಿ ನಿಲ್ಲುವುದಿಲ್ಲ. ಗಿರಾಕಿಗಳ ಮನೆ ಮದುವೆ, ಮಕ್ಕಳ ರಿಸಲ್ಟ್, ಭದ್ರಾ ನಾಲೆಗೆ ನೀರು ಬಿಟ್ಟರಾ ಇಲ್ಲವಾ, ಎಲ್ಲ ನನಗೆ ಬೇಕು. ಮಾತಿಲ್ಲದಿದ್ದರೆ ಉಂಡಿದ್ದು ಮೈಗೆ ಹತ್ತುವುದಿಲ್ಲ.

ಯುಗಾದಿ ಆದಮೇಲೆ ಮಗನ ಮದುವೆ ಮಾಡಿದೆವು. ಸೊಸೆ ಮೊಳಕಾಲ್ಮೂರು ಕಡೆಯವಳು, ನೇಕಾರರ ಮನೆ ಹುಡುಗಿ. ತುಂಬ ಒಳ್ಳೆಯವಳು. ಅವಳು ಕಡ್ಲೆಹಿಟ್ಟು ಕಲಸಿದರೆ ಒಂದು ಗಂಟೂ ಇರುವುದಿಲ್ಲ. ಆದರೆ ಮಾತಿಲ್ಲ. 'ಊಟ ಆಯ್ತಾ?' 'ಹೂಂ ಅತ್ತೆ.' 'ನಿಮ್ಮಮ್ಮ ಫೋನ್ ಮಾಡಿದ್ರಾ?' 'ಹೂಂ ಅತ್ತೆ.' ಅಷ್ಟೇ. ಸಿಟ್ಟೂ ಇಲ್ಲ, ಮುಖ ಸಪ್ಪಗೂ ಇಲ್ಲ. ಮಗನ ಜೊತೆ ನಗುತ್ತಾಳೆ. ನಮ್ಮ ಮನೆ ಅವಳಿಗೆ ಹಿಡಿಸಲಿಲ್ಲವೇನೋ ಅಂತ ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ.

ಹರಿಹರದವನು:
ಹೆಂಗಸರಿಗೆ ಮಾತು ಹುಟ್ಟಿನಿಂದಲೇ ಜಾಸ್ತಿ. ಅಂಥವಳು ಸುಮ್ನೆ ಇದ್ದಾಳೆ ಅಂದರೆ ಏನೋ ಮುಚ್ಚಿಡುತ್ತಿದ್ದಾಳೆ. ಬೀಗರನ್ನು ಕರೆಸಿ ಕೇಳಿಬಿಡಿ.

ಗಣಿತ ಟೀಚರ್, ಚಿತ್ರದುರ್ಗ:
ಅಮ್ಮಾ, ದಯವಿಟ್ಟು ಬೀಗರನ್ನು ಕರೆಸಬೇಡಿ. ಆ ಹುಡುಗಿ ಭೂಮಿಗೆ ಇಳಿದುಹೋಗುತ್ತಾಳೆ.

ಹೆಂಗಸರಿಗೇ ಮಾತು ಜಾಸ್ತಿ ಅನ್ನುವುದು ನಿಜವಲ್ಲ ರೀ. ಅಮೆರಿಕ ಮತ್ತು ಮೆಕ್ಸಿಕೋದ 396 ಕಾಲೇಜು ಹುಡುಗ ಹುಡುಗಿಯರ ಮೈಮೇಲೆ ಸಣ್ಣ ರೆಕಾರ್ಡರ್ ಇಟ್ಟು ಲೆಕ್ಕ ಹಾಕಿದ್ದರು. 2007ರಲ್ಲಿ ಅದು ಪ್ರಕಟವಾಯಿತು. ಗಂಡಾಗಲಿ ಹೆಣ್ಣಾಗಲಿ, ದಿನಕ್ಕೆ ಸರಾಸರಿ 16,000 ಪದಗಳ ಆಸುಪಾಸು. ದೊಡ್ಡ ವ್ಯತ್ಯಾಸ ಇದ್ದದ್ದು ಒಬ್ಬೊಬ್ಬ ಮನುಷ್ಯನ ನಡುವೆ.

ನಾನೂ ನಿಮ್ಮ ಸೊಸೆಯ ಥರದವಳೇ. ಕ್ಲಾಸಿನಲ್ಲಿ ಮಾತಾಡುತ್ತೇನೆ, ಅದು ಕೆಲಸ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಒಳಗೆ ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ಹತ್ತು ಭಾಷೆಗಳ ಜನರ ಮಾತುಕತೆ ಅಳೆದು ನೋಡಿದಾಗ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವೆ ಸುಮಾರು ಒಂದು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ ಸಿಕ್ಕಿತಂತೆ. ಅಷ್ಟರಲ್ಲಿ ನುಗ್ಗುವುದು ನಮ್ಮಂಥವರಿಗೆ ಆಗುವುದಿಲ್ಲ. ಹೊರಗಿನವರಿಗೆ ಮಾತ್ರ 'ಇವಳಿಗೆ ಹೇಳೋಕೆ ಏನೂ ಇಲ್ಲ' ಅನ್ನಿಸುತ್ತದೆ. ಅದು ಬಹಳ ನೋಯುತ್ತದೆ ಅಮ್ಮಾ.

ಟೀಚರುಗಳಿಗೆ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ ಕ್ಲಾಸುಗಳನ್ನು ಗಮನಿಸಿದರು. ಪ್ರಶ್ನೆ ಕೇಳಿದ ಟೀಚರ್ ಕಾಯುವುದು ಹೆಚ್ಚೆಂದರೆ ಒಂದು ಸೆಕೆಂಡು. ಆಮೇಲೆ ಬೇರೆ ಮಗುವನ್ನು ಎಬ್ಬಿಸುತ್ತಾರೆ, ಇಲ್ಲ ತಾವೇ ಉತ್ತರ ಹೇಳಿಬಿಡುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯೇ ಬಿಡದ ಮಕ್ಕಳೂ ಮಾತಾಡಿದರು. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಕೈ ಎತ್ತುವುದನ್ನು ನಾನೇ ನೋಡಿದ್ದೇನೆ. ನೀವೂ ಕೇಳಿ, ಕಾಯಿರಿ. ಆ ಖಾಲಿಯನ್ನು ನೀವು ತುಂಬಲು ಹೋಗಬೇಡಿ.

ಮಗ್ಗದ ಮನೆಯವನು:
ಟೀಚರಮ್ಮ ಹೇಳಿದ್ದು ಸರಿ. ನಾವೂ ರೇಷ್ಮೆ ನೇಯುವವರು. ಬುಟ್ಟಾ ತೆಗೆಯುವಾಗ ಎಳೆಯ ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ನೇಯಬೇಕು. ಮಗ್ಗದ ಮುಂದೆ ಕೂತವರನ್ನು ನಮ್ಮಲ್ಲಿ ಯಾರೂ ಮಾತಾಡಿಸುವುದಿಲ್ಲ. ಅಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಸುಮ್ಮನೆ ಇರುವುದು ಬೇಸರವಲ್ಲ, ರೂಢಿ. ಅಮ್ಮಾ, ಇನ್ನೊಂದು ಮಾತು. ನಿಮ್ಮ ಪ್ರಶ್ನೆಗಳಿಗೆಲ್ಲ 'ಹೂಂ' ಅಂದರೆ ಸಾಕು. ಹಿಟ್ಟು ಕಲಸುವಾಗ ಪಕ್ಕದಲ್ಲಿ ಕೂತು ಬೇರೆ ಥರ ಕೇಳಿ: ನಿಮ್ಮನೇಲಿ ಒಂದು ಸೀರೆಗೆ ಎಷ್ಟು ದಿನ ಹಿಡಿಯುತ್ತಿತ್ತು? ಅಂಚಿಗೆ ಬಣ್ಣ ಯಾರು ಆರಿಸುತ್ತಿದ್ದರು?

ಮಂಡಕ್ಕಿ ಅಂಗಡಿ ಅಮ್ಮ:
ಇದನ್ನು ಕೇಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಟೀಚರಮ್ಮ, ಒಂದು ಅನುಮಾನ. ಮೂರು ಸೆಕೆಂಡು ಕಾದರೂ 'ಹೂಂ' ಅಂತಲೇ ಬಂದರೆ?

ಗಣಿತ ಟೀಚರ್, ಚಿತ್ರದುರ್ಗ:
ಆಗ ಇನ್ನೂ ಸ್ವಲ್ಪ ಹೊತ್ತು ಹಿಟ್ಟು ಕಲಸುತ್ತಿರಿ ಅಮ್ಮಾ. ಎದ್ದು ಹೋಗಬೇಡಿ.