ಲಾವಂಚ ಆಳೆತ್ತರ ಬೆಳೆದರೂ ಘಮವೇ ಇಲ್ಲ!

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಕಡೆ. ಕಳೆದ ಮಳೆಗಾಲದಲ್ಲಿ ನರ್ಸರಿಯಿಂದ ಲಾವಂಚದ ಐದು ಬುಡ ತಂದು ಬಚ್ಚಲ ನೀರು ಹರಿಯುವಲ್ಲಿ ನೆಟ್ಟೆ. ಎಂಟು ತಿಂಗಳಾಯ್ತು, ಸೊಂಪಾಗಿದೆ. ಆದರೆ ಎಲೆ ಎಷ್ಟು ಉಜ್ಜಿದರೂ ವಾಸನೆ ಇಲ್ಲ. ಬೇರೆ ಯಾವುದೋ ಹುಲ್ಲು ಕೊಟ್ಟುಬಿಟ್ಟರಾ?

ಉತ್ತರ: ನರ್ಸರಿಯವರನ್ನು ಈಗಲೇ ಬೈಯಬೇಡಿ ಮೇಡಂ. ಎಲೆ ಉಜ್ಜಿದರೆ ಘಮ್ಮೆನ್ನುವುದು ಮಜ್ಜಿಗೆ ಹುಲ್ಲು. ಲಾವಂಚದ ಪರಿಮಳವೆಲ್ಲ ಬೇರಿನಲ್ಲಿ. ಬುಡದ ಅಂಚಿನಲ್ಲಿ ಒಂದು ಗೇಣು ಅಗೆದು ನಾಲ್ಕು ಎಳೆ ಬೇರು ತೆಗೆಯಿರಿ, ತೊಳೆದು ನೆರಳಲ್ಲಿ ಒಣಗಿಸಿ, ಆಮೇಲೆ ನೀರು ಚಿಮುಕಿಸಿ ಮೂಸಿ. ಎಂಟು ತಿಂಗಳ ಬೇರು ಇನ್ನೂ ಎಳೆಯದು, ಘಮ ಮೆಲ್ಲಗೇ ಇರುತ್ತದೆ. ಕೀಳಲು 15ರಿಂದ 18 ತಿಂಗಳಾದರೂ ಬೇಕು.

ಕಷ್ಟ ಇರುವುದು ಕೀಳುವುದರಲ್ಲೇ. ಬೇರು ಅಕ್ಕಪಕ್ಕ ಹಬ್ಬದೆ ನೆಟ್ಟಗೆ ಪಾತಾಳಕ್ಕಿಳಿಯುತ್ತದೆ. ನಾನೂ ಒಮ್ಮೆ ಜಂಬಿಟ್ಟಿಗೆ ನೆಲದಲ್ಲಿ ನೆಟ್ಟು, ಹಾರೆ ಹಿಡಿದು ಅರ್ಧ ದಿನ ಬೆವರು ಸುರಿಸಿದ್ದೇನೆ. ಸಿಕ್ಕಿದ್ದು ಒಂದು ಹಿಡಿ! ಈಗ ಸಿಮೆಂಟ್ ಚೀಲದಲ್ಲೇ ಬೆಳೆಸುವುದು. ಎರಡು ಪಾಲು ಮರಳು, ಒಂದು ಪಾಲು ಮಣ್ಣು-ಗೊಬ್ಬರ, ತಳದಲ್ಲಿ ತೂತು. ಬುಡದಿಂದ ಸೀಳಿದ ಮೂರ್ನಾಲ್ಕು ಮರಿಗಳ ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ ಜೂನ್‌ನಲ್ಲಿ ನೆಡಿ. ಚೀಲ ಪೂರ್ತಿ ಬಿಸಿಲಿಗಿರಲಿ, ಅಡಿಕೆ ಮರದ ನೆರಳಲ್ಲಿ ಇದು ಸೊರಗುತ್ತದೆ. ಬೇರು ಬೇಕಾದಾಗ ಚೀಲ ಸೀಳಿ ಪೈಪಿನಿಂದ ನೀರು ಬಿಟ್ಟರೆ ಮರಳು ಕರಗಿ ಬೇರು ಇಡಿಯಾಗಿ ಕೈಗೆ ಬರುತ್ತದೆ. ಮರಿಗಳನ್ನು ಸೀಳಿ ಮತ್ತೆ ನೆಡಬಹುದು.

ಇನ್ನೊಬ್ಬರ ಪ್ರಶ್ನೆ: ಸರ್, ಇದು ತೋಟವೆಲ್ಲ ಹಬ್ಬಿ ಕಳೆಯಾಗುವುದಿಲ್ಲವೇ? ಹಾವು ಸೇರುತ್ತದೆ ಅಂತ ನಮ್ಮತ್ತೆ ನೆಡಲೇ ಬಿಡುತ್ತಿಲ್ಲ.

ಉತ್ತರ: ದಕ್ಷಿಣದಲ್ಲಿ ಬೇರಿಗಾಗಿ ಬೆಳೆಸುವ ಬಗೆ ಬೀಜದಿಂದ ಹರಡುವುದಿಲ್ಲ, ನೆಟ್ಟಲ್ಲೇ ದಪ್ಪವಾಗುತ್ತದೆ. ಗುಂಡ್ಲುಪೇಟೆ ಕಡೆ ರೈತರು ಹಿಂದಿನಿಂದಲೂ ಹೊಲದ ಗಡಿಗೆ ಇದನ್ನೇ ನೆಟ್ಟವರು. ಹೊಲದೊಳಗೆ ನುಗ್ಗುವ ಹುಲ್ಲಾಗಿದ್ದರೆ ಗಡಿಗೆ ಯಾರು ನೆಡುತ್ತಿದ್ದರು? ಹಾವಿನ ವಿಷಯದಲ್ಲಿ ಅತ್ತೆಯವರ ಮಾತು ತೆಗೆದುಹಾಕಲಾರೆ. ಯಾವ ಹುಲ್ಲಾದರೂ ಪೊದೆಯಾಗಲು ಬಿಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಎರಡು ಮೂರು ತಿಂಗಳಿಗೊಮ್ಮೆ ಮೊಣಕಾಲೆತ್ತರಕ್ಕೆ ಕೊಯ್ಯಿರಿ.

ಮೊದಲು ಕೇಳಿದವರು: ಮೂಸಿ ನೋಡಿದೆ ಸರ್, ಲಾವಂಚವೇ! ಅಜ್ಜಿಯ ಮಣ್ಣಿನ ಹೂಜಿ ನೆನಪಾಯ್ತು. ಬೇಸಿಗೆಗೆ ಇದನ್ನೇ ಕುಡಿಯುವ ನೀರಿಗೆ ಹಾಕಲಾ?

ಉತ್ತರ: ಬೇಡ ಮೇಡಂ. ಕೊಳಕು ನೀರಿನಲ್ಲಿರುವುದನ್ನೆಲ್ಲ ಹೀರಿಕೊಳ್ಳುವುದರಲ್ಲಿ ಈ ಬೇರು ಗಟ್ಟಿಗ. ಬಚ್ಚಲ ಸೋಪಿನ ನೀರು ಕುಡಿದ ಬೇರು ಸೀರೆಯ ಬೀರುವಿಗೆ ಆದೀತು, ಹೂಜಿಗೆ ಬೇಡ. ಹೂಜಿಗೆ ಚೀಲದ್ದು ಬರಲಿ.